ಓದುಗರು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡವಳು

ನಮಸ್ಕಾರ ಕೇಳುಗರೇ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ತಿರುವಿನಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಚಿಕ್ಕ ಮಳಿಗೆ, ಮೂರು ಗೋಡೆಗೂ ಕಾದಂಬರಿಗಳು. ಎಲ್ಲಕ್ಕೂ ಕಂದು ರಟ್ಟು, ಬೆನ್ನಿಗೆ ನಂಬರು. ಅಮ್ಮ ವಾರಕ್ಕೆ ಎರಡು ತರಿಸುತ್ತಿದ್ದಳು. ಆ ಪುಸ್ತಕಗಳ ಅಂಚಿನಲ್ಲಿ ಯಾರ್‍ಯಾರೋ ಪೆನ್ಸಿಲ್ಲಿನಲ್ಲಿ ಬರೆದಿರುತ್ತಿದ್ದರು. ಒಂದು ಕಡೆ ‘ಈ ಹುಡುಗಿಗೆ ಬುದ್ಧಿ ಇಲ್ಲ’ ಅಂತ ಇತ್ತು. ಅದರ ಕೆಳಗೆ ಬೇರೆ ಅಕ್ಷರದಲ್ಲಿ, ‘ಅವಳ ಜಾಗದಲ್ಲಿ ನೀವಿದ್ದರೆ ಗೊತ್ತಾಗ್ತಿತ್ತು.’ ಕೊನೆಯ ಪುಟದಲ್ಲಿ ಮೂರನೆಯವರೊಬ್ಬರು, ‘ಎರಡು ಸಲ ಓದಿದೆ, ಎರಡು ಸಲವೂ ಅತ್ತೆ.’ ಲೇಖಕಿಗೆ ಇದೆಲ್ಲ ತಲುಪಿದ್ದರೆ ಹೇಗಿರುತ್ತಿತ್ತು ಅಂತ ಆಗ ತುಂಬ ಸಲ ಅಂದುಕೊಂಡಿದ್ದೇನೆ.

ಹಾಗೆ ತಲುಪಿಸಿಕೊಂಡ ಒಬ್ಬ ಲೇಖಕಿ ಇದ್ದಳು. ಓದಿದವರು ಏನಂದರು ಅಂತ ಕೇಳಿ ಕೇಳಿ, ತನ್ನ ಕೈಯಲ್ಲೇ ಒಂದೊಂದಾಗಿ ಬರೆದಿಟ್ಟುಕೊಂಡಳು. ಅವಳು ಜೇನ್ ಆಸ್ಟಿನ್. ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂದುಕೊಂಡಿರುವುದು ಅವಳ ಕಾದಂಬರಿಗಳಿಗಿಂತ ಹೆಚ್ಚಾಗಿ ಆ ಪಟ್ಟಿಯ ಬಗ್ಗೆ.

ಕಾಲ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್‌ಗೆ ಬುದ್ಧಿ ಸ್ಥಿಮಿತ ತಪ್ಪಿತ್ತು. 1811ರಿಂದ 1820ರವರೆಗೆ ಅವನ ಮಗನೇ ರೀಜೆಂಟ್, ಅಂದರೆ ರಾಜಪ್ರತಿನಿಧಿಯಾಗಿ, ಅಪ್ಪನ ಪರವಾಗಿ ಆಡಳಿತ ನೋಡಿದ. ಅದಕ್ಕೇ ಅದು ರೀಜೆನ್ಸಿ ಕಾಲ. ಸಾರೋಟು, ನೃತ್ಯಕೂಟ, ಯಾರಿಗೆ ಯಾರ ಜೊತೆ ಮದುವೆ ಎಂಬ ಲೆಕ್ಕಾಚಾರ, ಇವನ್ನೆಲ್ಲ ಇಟ್ಟುಕೊಂಡು ಇವತ್ತಿಗೂ ರೀಜೆನ್ಸಿ ಪ್ರೇಮಕಾದಂಬರಿಗಳು ಬರುತ್ತಲೇ ಇವೆ. ನಮಗೆ ಅದು ಹಳೆಯ ಕಾಲ. ಜೇನ್‌ಗೆ ಅದು ಕಿಟಕಿಯಾಚೆಯ ಬೀದಿ. ಹ್ಯಾಂಪ್‌ಶೈರ್ ಸೀಮೆಯ ಚಾಟನ್ ಎಂಬ ಹಳ್ಳಿಯಲ್ಲಿ ಅಮ್ಮ ಮತ್ತು ಅಕ್ಕ ಕ್ಯಾಸಾಂಡ್ರಾ ಜೊತೆ ಅವಳ ವಾಸ. ಪುಸ್ತಕಗಳ ಮೇಲೆ ಅವಳ ಹೆಸರು ಇರುತ್ತಿರಲಿಲ್ಲ.

1814ರ ಮೇ ತಿಂಗಳಲ್ಲಿ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಬಂತು. ಅದಕ್ಕೂ ಮೊದಲು ಬಂದಿದ್ದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಜನಕ್ಕೆ ತುಂಬ ಹಿಡಿಸಿತ್ತು. ಈ ಹೊಸ ಕಾದಂಬರಿ ಬಂದಾಗ ಒಂದು ಪತ್ರಿಕೆಯೂ ವಿಮರ್ಶೆ ಬರೆಯಲಿಲ್ಲ. ಒಂದೂ ಇಲ್ಲ. ಬರೆದವರಿಗೆ ಬೈಗುಳಕ್ಕಿಂತ ಜಾಸ್ತಿ ನೋಯಿಸುವುದು ಈ ಮೌನವೇ, ಅಲ್ವಾ? ಆಗ ಜೇನ್ ಅಮ್ಮನನ್ನು ಕೇಳಿದಳು, ಅಕ್ಕನನ್ನು, ಅಣ್ಣ ತಮ್ಮಂದಿರನ್ನು, ಅವರ ಮಕ್ಕಳನ್ನು, ಅಕ್ಕಪಕ್ಕದ ಮನೆಯವರನ್ನು. ಬಂಧುಗಳ ಕಾಗದದಲ್ಲಿ ಯಾರದೋ ಅಭಿಪ್ರಾಯ ಬಂದರೆ ಅದನ್ನೂ ಸೇರಿಸಿದಳು. ಆಗಿನ ಕಾಲದಲ್ಲಿ ಅಂಚೆಯ ದುಡ್ಡನ್ನು ಸಾಮಾನ್ಯವಾಗಿ ಕೊಡುತ್ತಿದ್ದದ್ದು ಕಾಗದ ಬಂದವರು. ತನ್ನ ಪುಸ್ತಕ ಚೆನ್ನಾಗಿಲ್ಲ ಅನ್ನುವ ಮಾತನ್ನು ಕೂಡ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು.

ಮೊದಲು ಅಮ್ಮ. ಒಂದೇ ಸೂರಿನಡಿ ಇರುವ ಅಮ್ಮ. ‘ಪ್ರೈಡ್ ಅಂಡ್ ಪ್ರೆಜುಡಿಸ್’ನಷ್ಟು ಹಿಡಿಸಲಿಲ್ಲ ಅಂದರು. ನಾಯಕಿ ಫ್ಯಾನಿ ಸಪ್ಪೆ ಅಂದರು. ಆದರೆ ಆ ಮಿಸೆಸ್ ನಾರಿಸ್ ಇದ್ದಾಳಲ್ಲ, ಎಲ್ಲರ ಮನೆಯಲ್ಲೂ ಮೂಗು ತೂರಿಸುವ, ಕಾಸಿಗೆ ಕಾಸು ಗಂಟು ಹಾಕುವ ಹೆಂಗಸು, ಅವಳು ಬಂದಾಗಲೆಲ್ಲ ಅಮ್ಮನಿಗೆ ಖುಷಿ. ಜೇನ್ ಅಷ್ಟನ್ನೂ ಬರೆದುಕೊಂಡಳು. ಅಕ್ಕ ಕ್ಯಾಸಾಂಡ್ರಾಗೆ ಫ್ಯಾನಿ ಅಂದರೆ ಪ್ರೀತಿ. ಪೆದ್ದ ರಶ್‌ವರ್ತ್‌ನ ಪೆದ್ದುತನ ಇನ್ನೂ ಇಷ್ಟ. ಅಣ್ಣನ ಮಕ್ಕಳಿಬ್ಬರು, ಎಡ್ವರ್ಡ್ ಮತ್ತು ಜಾರ್ಜ್, ಹರೆಯದ ಹುಡುಗರು. ಒಬ್ಬನಿಗೆ ಫ್ಯಾನಿ ಮೆಚ್ಚುಗೆ, ಇನ್ನೊಬ್ಬನಿಗೆ ಅವಳನ್ನು ಕಂಡರೇ ಆಗದು. ಹೆನ್ರಿ ಕ್ರಾಫರ್ಡ್ ಫ್ಯಾನಿಯನ್ನು ಅಷ್ಟೊಂದು ಪ್ರೀತಿಸುತ್ತಿರುವಾಗಲೇ ಇನ್ನೊಬ್ಬನ ಹೆಂಡತಿಯ ಜೊತೆ ಓಡಿಹೋಗುವುದು ಸಹಜ ಅಲ್ಲ ಅಂತ ಎಡ್ವರ್ಡ್‌ನ ತಕರಾರು. ಈ ತಕರಾರು ಇವತ್ತಿಗೂ ಮುಗಿದಿಲ್ಲ. ಆ ಕಾದಂಬರಿ ಓದಿದ ಯಾವ ಇಬ್ಬರನ್ನು ಕೂರಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತಾರೆ.

ಪಟ್ಟಿಯಲ್ಲಿ ಮಿಸೆಸ್ ಆಗಸ್ಟಾ ಬ್ರಾಮ್‌ಸ್ಟನ್ ಎಂಬ ಹೆಂಗಸು ಇದ್ದಾರೆ. ಅವರಿಗೆ ಜೇನ್‌ಳ ಮೊದಲಿನ ಎರಡೂ ಕಾದಂಬರಿ ಬರೀ ಅಸಂಬದ್ಧ ಅನ್ನಿಸಿತ್ತಂತೆ. ಇದಾದರೂ ವಾಸಿ ಇರಬಹುದು ಅಂತ ಹಿಡಿದರು. ಆಗ ಕಾದಂಬರಿ ಮೂರು ಸಂಪುಟಗಳಲ್ಲಿ ಬರುತ್ತಿತ್ತು. ಮೊದಲ ಸಂಪುಟ ಮುಗಿಸಿ, ಸದ್ಯ, ಕಷ್ಟದ ಭಾಗ ಕಳೆಯಿತು ಅಂತ ಸಮಾಧಾನ ಪಟ್ಟುಕೊಂಡರು. ಈ ಮಾತನ್ನು ಜೇನ್ ಹಾಗೇ ಬರೆದಿಟ್ಟಿದ್ದಾಳೆ. ಮುಂದೆ ಒಂದು ಸಮರ್ಥನೆ ಇಲ್ಲ, ಒಂದು ಉತ್ತರ ಇಲ್ಲ.

ಆ ಪಟ್ಟಿಯಲ್ಲಿ ನನ್ನ ಮನಸ್ಸು ಕರಗುವುದು ಇನ್ನೊಬ್ಬ ಮಿಸೆಸ್ ಬ್ರಾಮ್‌ಸ್ಟನ್ ಹತ್ತಿರ. ಸೋಫಾ ಬಿಟ್ಟೇಳದ ಲೇಡಿ ಬರ್ಟ್ರಮ್ ತನ್ನ ಹಾಗೇ ಇದ್ದಾಳೆ ಅಂತ ಅವರಿಗೆ ಅನ್ನಿಸಿತು. ಉಳಿದ ಕಾದಂಬರಿಗಳಿಗಿಂತ ಇದೇ ಇಷ್ಟ, ಆದರೆ ಅದು ತನಗೆ ಅಭಿರುಚಿ ಕಮ್ಮಿ ಇರುವುದರಿಂದಲೋ ಏನೋ, ಚಮತ್ಕಾರದ ಮಾತು ತನಗೆ ಅರ್ಥವಾಗುವುದಿಲ್ಲ ಅಂದರಂತೆ. ‘ನನಗೇನು ಗೊತ್ತಾಗತ್ತೆ, ಸುಮ್ನೆ ಓದ್ತೀನಿ ಅಷ್ಟೇ’ ಅನ್ನುವ ಎಷ್ಟು ಹೆಂಗಸರನ್ನು ನೋಡಿದ್ದೇನೆ ನಾನು! ನಮ್ಮಮ್ಮನೂ ಹಾಗೇ ಅನ್ನುತ್ತಿದ್ದಳು. ಆದರೆ ಕಾದಂಬರಿಯ ಒಂದು ಪಾತ್ರದಲ್ಲಿ ತನ್ನನ್ನು ಗುರುತಿಸಿ, ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ದೊಡ್ಡ ಓದು ಯಾವುದಿದೆ? ಆ ಮಾತು ಉಳಿಯಬೇಕು ಅಂತ ಜೇನ್‌ಗೆ ಗೊತ್ತಿತ್ತು.

ದುಡ್ಡಿನ ವಿಷಯವನ್ನೂ ಹೇಳಬೇಕು. 1814ರ ನವೆಂಬರಿನಲ್ಲಿ ಜೇನ್ ತನ್ನ ಸೋದರ ಸೊಸೆ ಫ್ಯಾನಿಗೆ ಕಾಗದ ಬರೆದಳು. ಕಾದಂಬರಿಯ ನಾಯಕಿಯ ಹೆಸರೂ ಫ್ಯಾನಿ, ಈ ಹುಡುಗಿಯ ಹೆಸರೂ ಫ್ಯಾನಿ. ಇವಳು ಜೇನ್‌ಳ ಅಣ್ಣ ಎಡ್ವರ್ಡ್‌ನ ಹಿರಿಯ ಮಗಳು. ಎರಡನೇ ಮುದ್ರಣ ಆಗುವುದೋ ಇಲ್ಲವೋ ಇನ್ನೂ ತೀರ್ಮಾನವಾಗಿರಲಿಲ್ಲ. ಜನ ಎರವಲು ತಂದು ಓದಿ ಹೊಗಳುತ್ತಾರೆ, ಕೊಂಡುಕೊಳ್ಳುವುದು ಕಮ್ಮಿ, ಅದರಲ್ಲಿ ಆಶ್ಚರ್ಯ ಏನಿಲ್ಲ, ಹೊಗಳಿಕೆ ನನಗೂ ಇಷ್ಟವೇ, ಆದರೆ ಕಾಸು ಬಂದರೂ ಇಷ್ಟ ಅಂತ ಬರೆದಳು. ಹೇಗೆ ಕೊಂಡಾರು? ಮುಂದಿನ ಕಾದಂಬರಿ ‘ಎಮ್ಮಾ’ದ ಬೆಲೆ 21 ಶಿಲಿಂಗ್. ಮಧ್ಯಮ ವರ್ಗದ ಮನೆಗೂ ಅದು ಯೋಚಿಸಿ ತೆಗೆಯಬೇಕಾದ ಹಣ. ಅಲ್ಲೂ ಸರ್ಕ್ಯುಲೇಟಿಂಗ್ ಲೈಬ್ರರಿಗಳೇ ಗತಿ. ಒಂದು ಪುಸ್ತಕ ಹತ್ತಾರು ಕೈ ದಾಟುತ್ತಿತ್ತು, ನಮ್ಮ ಬೀದಿಯ ಆ ಕಂದು ರಟ್ಟಿನ ಪುಸ್ತಕಗಳ ಹಾಗೆ.

‘ಎಮ್ಮಾ’ ಬಂದದ್ದು 1815ರ ಡಿಸೆಂಬರಿನಲ್ಲಿ. ಲಂಡನ್ನಿನ ಪ್ರಕಾಶಕ ಜಾನ್ ಮರ್‍ರೆ 2000 ಪ್ರತಿ ಅಚ್ಚು ಹಾಕಿದ. ರಾಜಪ್ರತಿನಿಧಿಗೇ ಅರ್ಪಣೆ ಮಾಡುವಂತೆ ಅರಮನೆಯ ಗ್ರಂಥಪಾಲಕನಿಂದ ಸೂಚನೆ ಬಂದಿತ್ತು. ಆ ರಾಜಕುಮಾರನ ನಡತೆ ಜೇನ್‌ಗೆ ಹಿಡಿಸುತ್ತಿರಲಿಲ್ಲ, ಆದರೂ ಅರ್ಪಿಸಿದಳು. ಚೆಂದದ ಪ್ರತಿ ಕಳಿಸಿದ್ದಕ್ಕೆ ಅವನಿಂದ ಧನ್ಯವಾದ ಬಂತು. ಒಳಗಿನ ಕತೆ ಹೇಗಿತ್ತು ಅಂತ ಅವನು ಹೇಳಲಿಲ್ಲ.

ಈ ಸಲವೂ ಪಟ್ಟಿ ಮಾಡಿದಳು. ಅದೇ ಮುದ್ದಿನ ಫ್ಯಾನಿ ತನ್ನ ಸೋದರತ್ತೆಗೆ ನೇರವಾಗಿ ಹೇಳಿದಳು, ನಾಯಕಿ ಎಮ್ಮಾಳನ್ನು ಸಹಿಸುವುದಕ್ಕೇ ಆಗುವುದಿಲ್ಲ, ನಾಯಕ ಮಿಸ್ಟರ್ ನೈಟ್ಲಿ ಮಾತ್ರ ತುಂಬ ಇಷ್ಟ. ನೆರೆಮನೆಯ ಮಿಸೆಸ್ ಡಿಗ್‌ವೀಡ್, ಬರೆದವರು ಪರಿಚಯ ಇಲ್ಲದಿದ್ದರೆ ಮುಗಿಸಲು ಆಗುತ್ತಲೇ ಇರಲಿಲ್ಲ ಅಂದರು. ಮಿಸ್ಟರ್ ಫೌಲ್ ಓದಿದ್ದು ಮೊದಲ ಅಧ್ಯಾಯ ಮತ್ತು ಕೊನೆಯ ಅಧ್ಯಾಯ. ಪುಸ್ತಕ ಸ್ವಾರಸ್ಯವಾಗಿಲ್ಲ ಅಂತ ಯಾರೋ ಹೇಳಿದ್ದರಂತೆ. ಪಾದ್ರಿ ಶೆರರ್‌ಗೆ ಪಾದ್ರಿಗಳನ್ನು ಚಿತ್ರಿಸಿದ ರೀತಿ ಸರಿಬರಲಿಲ್ಲ. ನೌಕಾಪಡೆಯಲ್ಲಿದ್ದ ತಮ್ಮ ಚಾರ್ಲ್ಸ್ ಸಮುದ್ರಯಾನದಲ್ಲಿ ಮೂರು ಸಲ ಓದಿದ. ಎಡಿನ್‌ಬರೋ ರಿವ್ಯೂ ಪತ್ರಿಕೆಯ ವಿಮರ್ಶಕ ಜೆಫ್ರಿ, ಅವನ ಹೆಸರು ಕೇಳಿದರೆ ದೊಡ್ಡ ದೊಡ್ಡ ಕವಿಗಳು ನಡುಗುತ್ತಿದ್ದ ಕಾಲ ಅದು, ಈ ಪುಸ್ತಕದಿಂದಾಗಿ ಮೂರು ರಾತ್ರಿ ನಿದ್ದೆಗೆಟ್ಟ. ಜೇನ್ ಅವನಿಗೆ ಕೊಟ್ಟ ಜಾಗ ಒಂದು ಸಾಲು. ಮಿಸೆಸ್ ಡಿಗ್‌ವೀಡ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಏನಲ್ಲ.

ಇನ್ನು ಮಿಸೆಸ್ ಗಿಟನ್. ಅವರ ಪ್ರಕಾರ ‘ಎಮ್ಮಾ’ ಎಷ್ಟು ಸಹಜವಾಗಿದೆ ಅಂದರೆ, ಆ ಸಹಜತೆಯಿಂದಲೇ ಸ್ವಾರಸ್ಯ ಹೋಗಿದೆ. ಈ ಒಂದು ಮಾತಿನ ಮೇಲೆ ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ. ಕೋಟೆ, ಭೂತ, ಅಪಹರಣ ತುಂಬಿದ ಕಾದಂಬರಿಗಳಿಗೆ ಒಗ್ಗಿದ ಕಾಲ. ಅಲ್ಲಿ ಒಬ್ಬಳು ಲೇಖಕಿ ಬಂದು, ಊರಿನ ಮದುವೆಯಾಗದ, ನಡುವಯಸ್ಸಿನ ಒಬ್ಬ ಬಡ ಹೆಂಗಸು ಇನ್ನೊಬ್ಬರ ಮನೆಯಿಂದ ಹಂದಿಮಾಂಸ ಬಂತು ಅಂತ ಒಂದು ಪುಟ ಮಾತಾಡುವುದನ್ನು ಬರೆದಳು. ಇಂಥದ್ದನ್ನು ದಿನಾ ಮನೆಯಲ್ಲೇ ಕೇಳುತ್ತೇವಲ್ಲ, ಪುಸ್ತಕದಲ್ಲೂ ಯಾಕೆ ಅಂತ ಮಿಸೆಸ್ ಗಿಟನ್‌ಗೆ ಅನ್ನಿಸಿದ್ದರೆ ಅದು ತಪ್ಪಲ್ಲ. ಐರ್ಲೆಂಡಿನ ಹೆಸರಾಂತ ಕಾದಂಬರಿಕಾರ್ತಿ ಮರಾಯಾ ಎಜ್‌ವರ್ತ್ ಕೂಡ ಮನೆಯವರಿಗೆ ಬರೆದ ಕಾಗದದಲ್ಲಿ ಇದರಲ್ಲಿ ಕತೆಯೇ ಇಲ್ಲ ಅಂದಳು. ಕಾದಂಬರಿಯಲ್ಲಿ ಎಮ್ಮಾಳ ಅಪ್ಪ ಸದಾ ತೆಳು ಗಂಜಿಯ ಗುಣಗಾನ ಮಾಡುತ್ತಿರುತ್ತಾನೆ. ಆ ಗಂಜಿಯನ್ನೇ ಎತ್ತಿ ಎಜ್‌ವರ್ತ್ ಆಡಿಕೊಂಡಳು.

ಆದರೆ ಆ ಬಡ ಹೆಂಗಸು, ಮಿಸ್ ಬೇಟ್ಸ್, ಬಾಕ್ಸ್ ಹಿಲ್ ಬೆಟ್ಟಕ್ಕೆ ಎಲ್ಲರೂ ಹೊರಸಂಚಾರ ಹೋದಾಗ ಏನಾಗುತ್ತದೆ ನೋಡಿ. ಸೆಕೆ, ಎಲ್ಲರಿಗೂ ಬೇಜಾರು. ಒಂದು ಆಟ ಶುರುವಾಗುತ್ತದೆ: ಪ್ರತಿಯೊಬ್ಬರೂ ಒಂದು ಜಾಣ ಮಾತು ಹೇಳಬೇಕು, ಇಲ್ಲ ಎರಡು ಸಾಧಾರಣ ಮಾತು, ಇಲ್ಲ ಮೂರು ಪೆದ್ದು ಮಾತು. ಮಿಸ್ ಬೇಟ್ಸ್ ನಗುತ್ತಾ, ಮೂರು ಪೆದ್ದು ಮಾತು ನನಗೆ ಸಲೀಸು, ಬಾಯಿ ತೆರೆದರೆ ಅದೇ ಬರುವುದು ಅನ್ನುತ್ತಾಳೆ. ಎಮ್ಮಾ ತಡೆಯಲಾರದೆ, ಕಷ್ಟ ಇರುವುದು ಮೂರಕ್ಕೇ ನಿಲ್ಲಿಸುವುದರಲ್ಲಿ ಅಂತ ಹೇಳಿಬಿಡುತ್ತಾಳೆ. ಮಿಸ್ ಬೇಟ್ಸ್‌ಗೆ ತಕ್ಷಣ ಅರ್ಥವಾಗುವುದಿಲ್ಲ. ಅರ್ಥವಾದಾಗ ಮುಖ ಸ್ವಲ್ಪ ಕೆಂಪಾಗುತ್ತದೆ, ಅಷ್ಟೇ. ಕೋಪ ಇಲ್ಲ. ನಾನು ಬಾಯಿ ಮುಚ್ಚಿಕೊಂಡಿರಲು ನೋಡುತ್ತೇನೆ ಅನ್ನುತ್ತಾಳೆ. ಹೊರಡುವಾಗ ಸಾರೋಟಿನ ಬಳಿ ನೈಟ್ಲಿ ಎಮ್ಮಾಳನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವಳು ಬಡವಿ, ನೀನು ಮಗುವಾಗಿದ್ದಾಗಿನಿಂದ ನಿನ್ನನ್ನು ಬಲ್ಲವಳು, ನೀನು ಮಾಡಿದ್ದು ಸರಿಯಲ್ಲ. ಮನೆ ತಲುಪುವವರೆಗೂ ಎಮ್ಮಾಳ ಕಣ್ಣಲ್ಲಿ ನೀರು ನಿಲ್ಲುವುದಿಲ್ಲ. ಮಾರನೇ ಬೆಳಿಗ್ಗೆ ಎದ್ದು ಮಿಸ್ ಬೇಟ್ಸ್ ಮನೆಗೆ ಹೋಗುತ್ತಾಳೆ.

ಕಾಲೇಜಿನಲ್ಲಿ ಮೊದಲ ಸಲ ಓದಿದಾಗ ನಾನೂ ಫ್ಯಾನಿಯ ಪಕ್ಷ. ಎಮ್ಮಾ ನನಗೂ ಸಹಿಸಲು ಆಗಿರಲಿಲ್ಲ. ಆಮೇಲೆ ಒಂದು ದಿನ, ಒಂದು ಮದುವೆಮನೆಯ ಪಂಕ್ತಿಯಲ್ಲಿ, ಎಲ್ಲರ ಎದುರು ಒಬ್ಬ ದೊಡ್ಡಮ್ಮನ ಮಾತನ್ನು ನಾನು ಹೀಗೇ ತುಂಡರಿಸಿದೆ. ಸುತ್ತ ಕೂತವರು ನಕ್ಕರು. ದೊಡ್ಡಮ್ಮ ಎಲೆಯ ಮೇಲಿನ ಅನ್ನ ಕಲೆಸುತ್ತಾ ಸುಮ್ಮನಾದರು. ಆ ಕೈಬೆರಳುಗಳು ಇನ್ನೂ ನನ್ನ ಕಣ್ಣಮುಂದಿವೆ. ಅದಾದ ಮೇಲೆ ಎಮ್ಮಾಳನ್ನು ಬೇರೆ ಕಣ್ಣಿನಿಂದ ಓದಿದೆ.

ಪಟ್ಟಿಯಲ್ಲಿರುವ ಮಿಸ್ ಹೆರೀಸ್ ಎಂಬ ಓದುಗಿಯಂತೂ, ಮಿಸ್ ಬೇಟ್ಸ್ ಮತ್ತು ಅವಳ ತಾಯಿಯನ್ನು ಜೇನ್ ಹೆರೀಸ್ ಮನೆಯವರ ಪರಿಚಯದವರನ್ನೇ ನೋಡಿ ಬರೆದಿದ್ದಾಳೆ ಅಂತ ಖಚಿತವಾಗಿ ನಂಬಿದಳು. ಅವರ ಹೆಸರನ್ನೇ ತಾನು ಕೇಳಿರಲಿಲ್ಲ ಅಂತ ಜೇನ್ ಪಕ್ಕದಲ್ಲಿ ಬರೆದಿದ್ದಾಳೆ. ಎಲ್ಲರ ಊರಲ್ಲೂ ಒಬ್ಬಳು ಮಿಸ್ ಬೇಟ್ಸ್ ಇದ್ದಳು, ಇನ್ನೇನು! ಸಹಜ ಆದದ್ದರಿಂದಲೇ ಸ್ವಾರಸ್ಯ ಇಲ್ಲ ಅಂದ ಮಿಸೆಸ್ ಗಿಟನ್‌ಗೆ ನನ್ನ ಉತ್ತರ ಈ ಮಿಸ್ ಹೆರೀಸ್.

1816ರಲ್ಲಿ ‘ಎಮ್ಮಾ’ಕ್ಕೆ ಒಂದು ದೊಡ್ಡ ವಿಮರ್ಶೆ ಬಂತು. ಹೆಸರು ಹಾಕದೆ ಬರೆದವನು ಹೆಸರಾಂತ ಕವಿ, ಕಾದಂಬರಿಕಾರ ವಾಲ್ಟರ್ ಸ್ಕಾಟ್. ದಿನನಿತ್ಯದ ಬದುಕನ್ನು ಹೀಗೆ ಬರೆಯುವುದು ಹೊಸ ಬಗೆಯ ಕಾದಂಬರಿ ಅಂತ ಗುರುತಿಸಿದ. ಆದರೆ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನ ಹೆಸರೇ ಎತ್ತಲಿಲ್ಲ. ಅಷ್ಟು ಬುದ್ಧಿವಂತ ವಿಮರ್ಶಕ ಆ ಪುಸ್ತಕವನ್ನು ಗಮನಕ್ಕೇ ತಗೊಳ್ಳಲಿಲ್ಲವಲ್ಲ ಅಂತ ಜೇನ್ ಮರ್‍ರೆಗೆ ಬೇಸರದಿಂದ ಬರೆದಳು. ಮುಂದಿನ ವರ್ಷ, 1817ರ ಜುಲೈ 18ರಂದು, 41ನೇ ವಯಸ್ಸಿಗೆ ತೀರಿಕೊಂಡಳು. 1820ರಲ್ಲಿ ಮರ್‍ರೆಯ ಬಳಿ ‘ಎಮ್ಮಾ’ದ 539 ಪ್ರತಿ ಇನ್ನೂ ಉಳಿದಿತ್ತು. ಒಂದಕ್ಕೆ ಎರಡು ಶಿಲಿಂಗಿನ ಹಾಗೆ ಮಾರಿ ಕೈತೊಳೆದುಕೊಂಡ.

ಆ ಪಟ್ಟಿಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅದರಲ್ಲಿ ಮಿಸ್ಟರ್ ಕಾಕರೆಲ್ ಅಂತ ಒಬ್ಬರಿದ್ದಾರೆ. ಅವರಿಗೆ ‘ಎಮ್ಮಾ’ ಎಷ್ಟು ಹಿಡಿಸಲಿಲ್ಲ ಅಂದರೆ, ಅವರು ಏನಂದರು ಅಂತ ಅತ್ತೆಗೆ ತಿಳಿಸಲು ಫ್ಯಾನಿಗೆ ಮನಸ್ಸೇ ಬರಲಿಲ್ಲ. ಎಮ್ಮಾಳನ್ನು ಕಂಡರೆ ಆಗದು ಅಂತ ತಾನೇ ಹೇಳಿದ ಆ ಫ್ಯಾನಿಗೆ! ಜೇನ್ ಕಾಕರೆಲ್ ಹೆಸರು ಬರೆದು, ಅದರ ಎದುರಿಗೆ ಇಷ್ಟನ್ನೇ ಬರೆದಳು: ತುಂಬ ಹಿಡಿಸಲಿಲ್ಲ, ಫ್ಯಾನಿ ಅಭಿಪ್ರಾಯ ಕಳಿಸಲಿಲ್ಲ.

ನಮಸ್ಕಾರ.