ಪಡಸಾಲೆಯಲ್ಲಿ ಇಟ್ಟ ತಿಜೋರಿ

ಕೇಳುಗರೆ, ನಮಸ್ಕಾರ.

ಹುಬ್ಬಳ್ಳಿಯಲ್ಲಿ ನನಗೆ ಗೊತ್ತಿರುವ ಒಂದು ಸಣ್ಣ ಕಾರ್ಖಾನೆ. ಸೋಮವಾರ ಬೆಳಿಗ್ಗೆ ಲೆಕ್ಕ ಬರೆಯುವ ಹುಡುಗ ಫೋನ್ ಮಾಡಿದ. "ಸರ್, ಟ್ಯಾಲಿ ಓಪನ್ ಆಗವಲ್ದ್ರಿ. ಎಲ್ಲಾ ಫೈಲಿನ ಹೆಸರಿನ ಕೊನಿಗೆ ಏನೇನೋ ಅಕ್ಷರ ಬಂದಾವ್ರಿ."

ಹೋಗಿ ನೋಡಿದೆ. ರ್‍ಯಾನ್ಸಮ್‌ವೇರ್. ಫೈಲುಗಳಿಗೆಲ್ಲ ಕೀಲಿ ಜಡಿದು, ಕೀಲಿಕೈ ಬೇಕಾದರೆ ದುಡ್ಡು ತನ್ನಿ ಅನ್ನುವ ಜಾತಿ. ಶುರುವಾದದ್ದು ಗೇಟಿನ ಹತ್ತಿರ, ಲಾರಿ ಲೆಕ್ಕ ಬರೆಯುವ ಹಳೇ ಕಂಪ್ಯೂಟರಿನಲ್ಲಿ. ಬಿಲ್ ಅಂದುಕೊಂಡು ಯಾರೋ ಒಂದು ಮೇಲ್ ತೆರೆದಿದ್ದರು. ಗೇಟು, ಲೆಕ್ಕದ ಕೋಣೆ, ಕ್ಯಾಮೆರಾ, ಬಂದವರಿಗೆ ಕೊಡುವ ವೈಫೈ ಎಲ್ಲ ಒಂದೇ ಸ್ವಿಚ್ಚಿಗೆ, ಅಂದರೆ ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ ಡಬ್ಬಿಗೆ, ಜೋಡಿಸಿದ್ದರು. ಬ್ಯಾಕಪ್ ಡಿಸ್ಕ್ ಕೂಡ ಅಲ್ಲೇ ನೇತಾಡುತ್ತಿತ್ತು. ಅದೂ ಹೋಯ್ತು.

ನಮ್ಮ ಕಡೆಯ ಹಳೇ ಮನೆಗಳನ್ನು ನೋಡಿದ್ದೀರಲ್ವಾ? ದಾರಿಹೋಕರು ಕಟ್ಟೆ ಮೇಲೆ ಕೂರುತ್ತಾರೆ. ಬೀಗರು ಪಡಸಾಲೆಗೆ ಬರುತ್ತಾರೆ. ತಿಜೋರಿ ಇರುವ ಕೋಣೆಗೆ ಮನೆಯವರಲ್ಲೂ ಒಬ್ಬಿಬ್ಬರೇ ಹೋಗುತ್ತಾರೆ. ಅದಕ್ಕೆ ಯಾರೂ ಬೇಜಾರಾಗುವುದಿಲ್ಲ.

ಒಂದೇ ಸ್ವಿಚ್ಚನ್ನು ಒಳಗೊಳಗೇ ಹಾಗೆ ಕೋಣೆ ಮಾಡಬಹುದು. ವಿ-ಲ್ಯಾನ್ ಅಂತಾರೆ. ಲೆಕ್ಕದ ಪ್ರಕಾರ 4,094 ಕೋಣೆ ಆಗುತ್ತವೆ. ನಮಗೆ ಐದು ಸಾಕಾಯ್ತು: ನೌಕರರ ಕಂಪ್ಯೂಟರ್, ಸರ್ವರ್, ಕ್ಯಾಮೆರಾ, ಬಂದವರ ವೈಫೈ, ಬ್ಯಾಕಪ್.

ಬಹಳ ಜನ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಗೋಡೆ ಕಟ್ಟಿ ಬಾಗಿಲು ಹಾರು ಹೊಡೆದರೆ ಏನು ಬಂತು? ಕೋಣೆಗಳ ನಡುವೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅಂತ ನೋಡುವ ಕಾವಲುಗಾರ, ಫೈರ್‌ವಾಲ್, ಕೂರಿಸಿ, ಮೊದಲು ಎಲ್ಲ ಮುಚ್ಚಬೇಕು. ಆಮೇಲೆ ಬೇಕಾದ್ದಷ್ಟೇ ತೆಗೆಯಬೇಕು. ಲೆಕ್ಕದ ಕೋಣೆಯಿಂದ ಟ್ಯಾಲಿ ಸರ್ವರಿಗೆ ಒಂದು ಪೋರ್ಟು, ಅಂದರೆ ನಂಬರು ಇರುವ ಒಂದು ಬಾಗಿಲು, ಅಷ್ಟೇ. ಕ್ಯಾಮೆರಾಕ್ಕೆ ಆ ಕಡೆ ಏನು ಕೆಲಸ?

2017ರ ಮೇನಲ್ಲಿ ವನ್ನಾಕ್ರೈ ಅನ್ನುವ ಇಂಥದೇ ರ್‍ಯಾನ್ಸಮ್‌ವೇರ್ ಊರೂರು ಸುತ್ತಿದ್ದು 445ನೇ ಪೋರ್ಟಿನಿಂದ, ವಿಂಡೋಸ್‌ನಲ್ಲಿ ಫೈಲು ಹಂಚಿಕೊಳ್ಳುವ ಬಾಗಿಲು ಅದು. ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಆ ತೂತಿಗೆ ತೇಪೆ (ಅಪ್‌ಡೇಟ್) ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಒಬ್ಬ ಗುಮಾಸ್ತರ ಕಂಪ್ಯೂಟರಿಗೆ ಇನ್ನೊಬ್ಬರ ಕಂಪ್ಯೂಟರಿನ ಜೊತೆ ಆ ಬಾಗಿಲಲ್ಲಿ ಮಾತಾಡುವ ಜರೂರತ್ತೇ ಇರುವುದಿಲ್ಲ. ಇಬ್ಬರೂ ಒಂದೇ ಕೋಣೆಯವರು, ನಡುವಿನ ಫೈರ್‌ವಾಲ್‌ಗೆ ಅದು ಕಾಣುವುದೂ ಇಲ್ಲ. ಹಾಗಾಗಿ ಪ್ರತಿ ಕಂಪ್ಯೂಟರಿನಲ್ಲಿರುವ ವಿಂಡೋಸ್ ಫೈರ್‌ವಾಲ್‌ನಲ್ಲೇ ಮುಚ್ಚಿದೆ.

ಇನ್ನೊಂದು ಒಪ್ಪಿಕೊಳ್ಳಬೇಕು. ಅಲ್ಲಿನ ಎಲ್ಲ ಯಂತ್ರಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಟ್ಟವನು ನಾನೇ. ಸುಮ್ನೆ, ನೆನಪಿರಲಿ ಅಂತ! ಗೇಟಿನ ಯಂತ್ರದಲ್ಲಿ ಅದು ಸಿಕ್ಕರೆ ಸರ್ವರ್ ಕೂಡ ಸಿಕ್ಕಂತೆ. ಈಗ ಒಂದೊಂದಕ್ಕೆ ಒಂದೊಂದು. ಸರ್ವರ್ ನೋಡಿಕೊಳ್ಳಲು ಬೇರೆ ಲ್ಯಾಪ್‌ಟಾಪ್, ಅದರಲ್ಲಿ ಮೇಲ್ ತೆರೆಯುವುದಿಲ್ಲ. ವಾರಕ್ಕೊಮ್ಮೆ ಒಂದು ಬ್ಯಾಕಪ್ ಡಿಸ್ಕು ವೈರು ಕಿತ್ತಿಕೊಂಡು ಕಪಾಟಿಗೆ ಹೋಗುತ್ತದೆ.

ಎಲ್ಲ ಮುಗಿಸಿ ಬಂದ ಮರುದಿನ ಸಾಹುಕಾರರ ಫೋನು. "ಏನ್ರೀ, ನನ್ನ ಮೊಬೈಲಿನಿಂದ ಪ್ರಿಂಟ್ ಬರವಲ್ದಲ್ಲಾ! ನಂದೊಂದಕ್ಕ ಬಾಗಲಾ ಬಿಡ್ರಿ." ಬಿಡಲಿಲ್ಲ. ಅವರ ಟೇಬಲ್ ಮೇಲೆ ವೈರು ಚುಚ್ಚಿ ಮೊಬೈಲಿನಿಂದ ಪ್ರಿಂಟ್ ತೆಗೆಯುವ ಒಂದು ಸಣ್ಣ ಪ್ರಿಂಟರ್ ಇಟ್ಟು ಬಂದೆ.

ನಮಸ್ಕಾರ.