ತೀಳಮಾತಿಯ ಗುಡ್ಡದ ಆಚೆ

ಕಪ್ಪು ಮರಳು ಕಾಣುತ್ತಿದೆಯಲ್ಲ, ಇದು ತೀಳಮಾತಿ. ಎಳ್ಳು ಚೆಲ್ಲಿದಂತಿರುವ ಈ ದಂಡೆ ಕಾರವಾರ ತಾಲ್ಲೂಕಿನ ಮಾಜಾಳಿಗೆ ಸೇರಿದ್ದು. ಎದುರಿಗಿರುವ ಗುಡ್ಡ ಹತ್ತಿ ಆಚೆ ಇಳಿದರೆ ಪೋಳೆಂ. ಅದು ಗೋವಾ.

1957ರ ಒಂದು ರಾತ್ರಿ ನನ್ನ ಅಜ್ಜಿ ಈ ಗುಡ್ಡ ದಾಟಿದಳು. ಕೈಯಲ್ಲಿ ಕಂದೀಲು ಇರಲಿಲ್ಲ, ಪರವಾನಗಿಯೂ ಇರಲಿಲ್ಲ. ಇಂದಿನ ಸುದ್ದಿವಾಹಿನಿಯ ಭಾಷೆಯಲ್ಲಿ ಹೇಳಿದರೆ ಅವಳು ಅಕ್ರಮ ನುಸುಳುಕೋರಳು.

ಅಜ್ಜಿಯ ತವರು ಕಾಣಕೋಣದ ಕಡೆ. ಮದುವೆಯಾಗಿ ಮಾಜಾಳಿಗೆ ಬಂದಾಗ ಆಚೆ ಪೋರ್ಚುಗೀಸರ ಆಳ್ವಿಕೆಯಿತ್ತು. ಆದರೂ ಹಬ್ಬಕ್ಕೆ ಹೋಗಿ ಬರುವುದಕ್ಕೆ ಅಂಥ ತೊಡಕೇನೂ ಇರಲಿಲ್ಲವಂತೆ. 1955ರ ಆಗಸ್ಟ್ 15ರಂದು ಗೋವಾದೊಳಗೆ ನಡೆದು ಹೋದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಅದಾದ ಮೇಲೆ ಭಾರತ ಗಡಿ ಮುಚ್ಚಿತು. ನಮ್ಮದೇ ಜಿಲ್ಲೆಯ ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದು ಗೋವಾಕ್ಕೆ ಹೋಗುತ್ತಿದ್ದ ರೈಲೂ ನಿಂತಿತು. ಎರಡು ವರ್ಷದ ನಂತರ ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂಬ ಸುದ್ದಿಯನ್ನು ಮೀನುಗಾರರೊಬ್ಬರು ತಂದರು. ಅಜ್ಜಿ ಸೀರೆ ಎತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದಳು. ಪಾಕ್ಲೆಗಳು, ಅಂದರೆ ಪೋರ್ಚುಗೀಸ್ ಸಿಪಾಯಿಗಳು, ಕೆಳಗಿನ ದಾರಿಯಲ್ಲಿ ಮಾತನಾಡಿಕೊಳ್ಳುತ್ತಿದ್ದುದು ಕೇಳಿಸುತ್ತಿತ್ತು ಎಂದು ಹೇಳುತ್ತಿದ್ದಳು. ಮೂರನೆಯ ದಿನ ಬೆಳಕು ಹರಿಯುವ ಮೊದಲು ವಾಪಸ್ ಬಂದಳು. ಮತ್ತೆ ಅಕ್ರಮವಾಗಿ, ಈ ಸಲ ಭಾರತದೊಳಕ್ಕೆ.

ಅಜ್ಜಿ ಕೊನೆಯವರೆಗೂ ‘ಗಡಿ’ ಎಂಬ ಪದ ಬಳಸಲಿಲ್ಲ. ‘ಆಚೆ’ ಎನ್ನುತ್ತಿದ್ದಳು, ‘ಈಚೆ’ ಎನ್ನುತ್ತಿದ್ದಳು, ಅಷ್ಟೇ.

ಇಂದಿನ ವಿಡಿಯೊದಲ್ಲಿ ಅವಳನ್ನು ನೆನೆಯುವುದಕ್ಕೆ ಕಾರಣವಿದೆ. ಬಂದರಿನ ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಈಗ ಒಂದೇ ಮಾತು. ಗೋಡೆ ಕಟ್ಟಬೇಕು, ಹಿಡಿದು ಹೊರಗೆ ಹಾಕಬೇಕು. ಅಮೆರಿಕ ಮಾಡಿ ತೋರಿಸಲಿಲ್ಲವೇ ಎಂದು ಕೇಳುತ್ತಾರೆ. ಹಾಗೆ ಕೇಳುವವರನ್ನು ನಾನು ಹೀಗಳೆಯುವುದಿಲ್ಲ. ಅವರಲ್ಲಿ ನನ್ನ ಚಿಕ್ಕಪ್ಪನೂ ಇದ್ದಾರೆ.

ಮೊದಲು ಅಮೆರಿಕದ ಮಾತೇ ಆಡೋಣ. ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಗಡಿ ಸುಮಾರು 3,145 ಕಿಲೋಮೀಟರ್. ಗೋಡೆಯ ಮಾತು ಟ್ರಂಪ್ ಅವರಿಂದ ಶುರುವಾದದ್ದಲ್ಲ. 1994ರಲ್ಲಿ ಸ್ಯಾನ್ ಡಿಯೇಗೊ ಬಳಿ ಕಾವಲು ಬಿಗಿ ಮಾಡಿದರು. 2006ರಲ್ಲಿ ಬುಷ್ ಅವರ ಕಾಲದಲ್ಲಿ ಸುಮಾರು 1,100 ಕಿಲೋಮೀಟರ್ ಬೇಲಿಗೆ ಕಾನೂನೇ ಬಂತು. ಬೇಲಿಯಿಂದ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ಯಾನ್ ಡಿಯೇಗೊದಲ್ಲಿ ದಾಟುವವರು ಕಡಿಮೆಯಾದರು. ಆದರೆ ಅವರು ಮನೆಗೆ ಮರಳಲಿಲ್ಲ, ಪೂರ್ವಕ್ಕೆ ಸರಿದು ಅರಿಜೋನಾದ ಮರುಭೂಮಿಗೆ ಬಿದ್ದರು. ನೀರಿಲ್ಲದೆ, ಬಿಸಿಲಿನಲ್ಲಿ ಅಲ್ಲಿ ಸತ್ತವರ ಮೂಳೆಗಳು ಈಗಲೂ ಸಿಗುತ್ತಿವೆ. ಇನ್ನೊಂದು ಸಂಗತಿಯನ್ನು ನಮ್ಮ ಚಹಾ ಅಂಗಡಿಯ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಅಲ್ಲಿ ಕಾಗದವಿಲ್ಲದೆ ಉಳಿದವರಲ್ಲಿ ಬಹಳಷ್ಟು ಮಂದಿ ಬೇಲಿ ಹಾರಿದವರಲ್ಲ. ವೀಸಾ ಪಡೆದು, ವಿಮಾನ ಇಳಿದು, ಅವಧಿ ಮುಗಿದ ಮೇಲೂ ಉಳಿದುಕೊಂಡವರು. ಅವರಿಗೆ ಎಷ್ಟು ಎತ್ತರದ ಗೋಡೆ ಕಟ್ಟಿದರೆ ಏನು?

2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು ಅಮೃತಸರದಲ್ಲಿ ಇಳಿಯಿತು. ಅದರಲ್ಲಿದ್ದವರು 104 ಮಂದಿ ಭಾರತೀಯರು. ಪ್ರಯಾಣದ ಉದ್ದಕ್ಕೂ ಅವರ ಕೈಕಾಲಿಗೆ ಸಂಕೋಲೆ. ಹೊಲ ಮಾರಿ, ದಲ್ಲಾಳಿಗೆ ಲಕ್ಷಗಟ್ಟಲೆ ಸುರಿದು, ‘ಡಂಕಿ’ ಎಂದು ಕರೆಯುವ ಕಳ್ಳದಾರಿ ಹಿಡಿದು ಹೋದವರೂ ಅವರಲ್ಲಿದ್ದರು. ಆ ದೃಶ್ಯ ನೋಡಿ ನನ್ನ ಚಿಕ್ಕಪ್ಪನ ಕಣ್ಣು ಕೆಂಪಾಯಿತು. ‘ನಮ್ಮ ಹುಡುಗರನ್ನು ಹೀಗೆ ಕಟ್ಟಿ ತರುವುದೇ?’ ಎಂದರು. ಹತ್ತು ನಿಮಿಷದ ನಂತರ ಬಂದರಿನ ಬಂಗಾಳಿ ಹುಡುಗರ ಮಾತು ಬಂದಾಗ, ‘ಇವರನ್ನೂ ಕಟ್ಟಿ ಕಳಿಸಬೇಕು’ ಎಂದರು. ಎರಡೂ ಮಾತು ಒಂದೇ ಬಾಯಿಂದ ಬಂದವು, ಎರಡೂ ಪ್ರಾಮಾಣಿಕವಾಗಿ. ಆ ದಿನದಿಂದ ನನಗೆ ಈ ವಿಷಯ ಬಿಡಲಾಗಲಿಲ್ಲ.

ಈಗ ಕಾಳಿ ಸೇತುವೆಯ ಮೇಲಿದ್ದೇನೆ. ಪಕ್ಕದಲ್ಲಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಮುಂದಿನದು ಕಾರವಾರದ ಕಡಲತೀರ. ಫಲಕ ಓದಿ: ರವೀಂದ್ರನಾಥ ಟ್ಯಾಗೋರ್ ಕಡಲತೀರ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಇಪ್ಪತ್ತರ ಹರೆಯದ ರವೀಂದ್ರರು ಬಂದು ಉಳಿದಿದ್ದರು. ಕಾಳಿಯಲ್ಲಿ ದೋಣಿ ಹತ್ತಿ ಬೆಳದಿಂಗಳು ನೋಡಿದವರು. ಭಾರತದ ರಾಷ್ಟ್ರಗೀತೆ ಅವರದು, ಬಾಂಗ್ಲಾದೇಶದ ರಾಷ್ಟ್ರಗೀತೆಯೂ ಅವರದೇ. ನಮ್ಮೂರಿನ ಅತಿ ದೊಡ್ಡ ಅಂಗಳಕ್ಕೆ ಒಬ್ಬ ಬಂಗಾಳಿಯ ಹೆಸರಿಟ್ಟಿದ್ದೇವೆ. ಅಲ್ಲಿಂದ ಕೂಗಳತೆಯ ಬೈತಖೋಲ ಬಂದರಿನಲ್ಲಿ ಬಂಗಾಳಿ ಮಾತನಾಡಿದ ಹುಡುಗನನ್ನು ಕಣ್ಣು ಕಿರಿದು ಮಾಡಿ ನೋಡುತ್ತೇವೆ.

ಅಂಥ ಹುಡುಗರಲ್ಲಿ ಒಬ್ಬನನ್ನು ನಾನು ಬಲ್ಲೆ. ಮುಖ ತೋರಿಸುವುದಿಲ್ಲ, ಹೆಸರೂ ಹೇಳುವುದಿಲ್ಲ. ಆಗಸ್ಟ್ ಒಂದಕ್ಕೆ ಮೀನುಗಾರಿಕೆಯ ನಿಷೇಧ ಮುಗಿಯುವ ಹೊತ್ತಿಗೆ ಒಡಿಶಾ, ಜಾರ್ಖಂಡ್, ಬಂಗಾಳದಿಂದ ಬರುವ ಹುಡುಗರ ಜೊತೆ ಅವನೂ ಬರುತ್ತಾನೆ. ಅವರಿಲ್ಲದಿದ್ದರೆ ನಮ್ಮ ಎಷ್ಟೋ ಬೋಟುಗಳು ದಕ್ಕೆ ಬಿಟ್ಟು ಕದಲುವುದಿಲ್ಲ. ಅವನು ಮುರ್ಷಿದಾಬಾದಿನವನು, ಪದ್ಮಾ ನದಿಯ ದಂಡೆಯವನು. ಮೊದಲ ಸಲ ಮಾತನಾಡಿಸಿದಾಗ ನಾನು ಕೇಳಿದ್ದು ಬಂಗುಡೆಯ ದರ. ಅವನು ಉತ್ತರಿಸುವ ಮೊದಲೇ ಮೊಬೈಲ್ ತೆಗೆದು ಚಿತ್ರಗಳನ್ನು ಸರಿಸತೊಡಗಿದ. ಆಧಾರ್, ಮತದಾರರ ಚೀಟಿ, ಅಪ್ಪನ ಮತದಾರರ ಚೀಟಿ, ಅಜ್ಜನ ಜಮೀನಿನ ಹಳೆಯ ಪತ್ರ. ನಾನು ಕೇಳಿರಲಿಲ್ಲ. ಕೇಳುವವರನ್ನು ಅವನು ಅಷ್ಟು ಕಂಡಿದ್ದ.

ಅವನ ಊರಿನ ಕಡೆಯ ಬೇಲಿಯ ಕಥೆ ಕೇಳಿ. ಭಾರತ ಮತ್ತು ಬಾಂಗ್ಲಾದೇಶದ ಗಡಿ 4,096 ಕಿಲೋಮೀಟರ್. 1986ರಲ್ಲಿ ಬೇಲಿಗೆ ಮಂಜೂರಾತಿ ಸಿಕ್ಕಿತು, ಈಗ ಸುಮಾರು 3,200 ಕಿಲೋಮೀಟರ್ ಬೇಲಿ ಇದೆ. ಬೇಲಿ ಇರುವುದು ಗಡಿಗೆರೆಯ ಮೇಲಲ್ಲ, ಸಾಮಾನ್ಯವಾಗಿ 150 ಗಜ ನಮ್ಮ ಒಳಗೆ. ಹಾಗಾಗಿ ನಮ್ಮದೇ ರೈತರ ಗದ್ದೆಗಳು ಬೇಲಿಯ ಆಚೆ ಉಳಿದಿವೆ. ಉಳಿದ ಕಡೆ ಬೇಲಿ ಯಾಕಿಲ್ಲ ಎಂದರೆ ಬಹುಪಾಲು ಉತ್ತರ ನೀರು. ಪದ್ಮಾ ಪ್ರತಿ ಮಳೆಗಾಲ ಒಂದು ದಂಡೆಯನ್ನು ತಿಂದು ಇನ್ನೊಂದು ಕಡೆ ಮರಳು ದಿಬ್ಬ ಎಬ್ಬಿಸುತ್ತದೆ. ಅದನ್ನು ‘ಚರ್’ ಎನ್ನುತ್ತಾರೆ. ಆ ಚರ್‌ಗಳಲ್ಲಿ ಉಳಲು ಹೋಗುವ ರೈತ ಬೆಳಿಗ್ಗೆ ಬಿಎಸ್‌ಎಫ್ ಠಾಣೆಯಲ್ಲಿ ಗುರುತಿನ ಚೀಟಿ ಒಪ್ಪಿಸಿ, ಸಂಜೆ ಹಿಂದಿರುಗಿ ಪಡೆದುಕೊಳ್ಳಬೇಕು. ಈ ಹುಡುಗನ ಮೊದಲ ಮನೆಯನ್ನು ನದಿ ನುಂಗಿತು. ಎರಡನೆಯದು ರಸ್ತೆ ಬದಿಯ ಸರ್ಕಾರಿ ಜಾಗದಲ್ಲಿದೆ.

ಬಾಂಗ್ಲಾದೇಶದಿಂದ ಯಾರೂ ಅಕ್ರಮವಾಗಿ ಬರುತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಬರುತ್ತಾರೆ. ದಲ್ಲಾಳಿಗಳಿದ್ದಾರೆ, ನಕಲಿ ಕಾಗದ ಮಾಡಿಕೊಡುವವರಿದ್ದಾರೆ. ಅಸ್ಸಾಮಿನ ಜನ 1979ರಿಂದ ಆರು ವರ್ಷ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ತಮ್ಮ ನೆಲದಲ್ಲಿ ತಮ್ಮ ಮಾತು ಕರಗಿ ಹೋಗುತ್ತದೆ ಎಂಬ ಅವರ ಭಯ ಕೊಂಕಣಿ ಮಾತನಾಡುವ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬಂದವರು ಯಾರು ಎಂದು ತಿಳಿಯುವುದು ಸರ್ಕಾರದ ಕೆಲಸ, ಅದನ್ನು ಅದು ಮಾಡಲೇಬೇಕು. ಹೇಗೆ ತಿಳಿಯುತ್ತೀರಿ ಎಂಬುದರಲ್ಲೇ ನನ್ನ ತಕರಾರು.

ಅಸ್ಸಾಮಿನಲ್ಲಿ ಪೌರರ ಪಟ್ಟಿಗೆ, ಅಂದರೆ ಎನ್‌ಆರ್‌ಸಿಗೆ, 3 ಕೋಟಿಗೂ ಹೆಚ್ಚು ಜನ ಅರ್ಜಿ ಹಾಕಿದರು. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಮಂದಿಯ ಹೆಸರಿರಲಿಲ್ಲ. ಒಂದೇ ಮನೆಯಲ್ಲಿ ಅಣ್ಣ ಒಳಗೆ, ತಮ್ಮ ಹೊರಗೆ. ಎಷ್ಟೋ ಕಡೆ ಒಂದು ಅಕ್ಷರದ ವ್ಯತ್ಯಾಸ ಸಾಕಾಯಿತು. ನಮ್ಮ ಮನೆಯ ಕಪಾಟು ತೆರೆದು ನೋಡಿದೆ. ಕಾರವಾರ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಅಜ್ಜನ ಶಾಲೆಯ ಕಾಗದ ಮರಾಠಿಯಲ್ಲಿ, ಪಹಣಿ ಕನ್ನಡದಲ್ಲಿ, ಬ್ಯಾಂಕಿನದು ಇಂಗ್ಲಿಷಿನಲ್ಲಿ. ನಮ್ಮ ಅಡ್ಡಹೆಸರು ಮೂರು ಕಡೆ ಮೂರು ರೂಪದಲ್ಲಿದೆ. ಅಜ್ಜಿಯ ಜನನದ ದಾಖಲೆ ಇದ್ದರೆ ಅದು ಪೋರ್ಚುಗೀಸಿನಲ್ಲಿರಬೇಕು. ಆಧಾರ್‌ನಲ್ಲಿ ಅವಳ ಹುಟ್ಟಿದ ದಿನ ಜನವರಿ 1.

2025ರ ಜೂನ್‌ನಲ್ಲಿ ಬಿರ್‌ಭೂಮ್ ಜಿಲ್ಲೆಯ ಮೂಲದ, ದೆಹಲಿಯಲ್ಲಿ ಕೂಲಿ ಮಾಡುತ್ತಿದ್ದ ಗರ್ಭಿಣಿಯೊಬ್ಬಳನ್ನು ಬಾಂಗ್ಲಾದೇಶಿ ಎಂದು ಹಿಡಿದು ಗಡಿಯಾಚೆ ತಳ್ಳಲಾಯಿತು. ಆ ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಅವಳನ್ನೂ ಅವಳ ಮನೆಯವರನ್ನೂ ವಾಪಸ್ ಕರೆತನ್ನಿ ಎಂದಿತು. ಅವಳು ಮರಳಿದ್ದು ಡಿಸೆಂಬರ್‌ನಲ್ಲಿ. ಮೊದಲು ವಿಚಾರಣೆ ನಡೆದಿದ್ದರೆ ಆ ಆರು ತಿಂಗಳು ಅವಳಿಂದ ಕಳೆದುಹೋಗುತ್ತಿರಲಿಲ್ಲ. ತಪ್ಪಾಗಿ ಕಟ್ಟಿದ ಗೋಡೆಯನ್ನು ಕೆಡವಬಹುದು, ಬೇರೆ ದೇಶದ ಜೈಲಿನಲ್ಲಿ ಕಳೆದ ಬಸಿರಿನ ತಿಂಗಳುಗಳನ್ನು ಯಾರು ತಿರುಗಿ ಕೊಡುತ್ತಾರೆ?

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಕಳೆದ ವರ್ಷ ಮುರ್ಷಿದಾಬಾದಿನ ಆ ಹುಡುಗನೂ ಅವನ ಜೊತೆಯ ಮೂವರೂ ನಮ್ಮ ಮನೆಯ ಹಿಂದಿನ ಖೋಲಿಯನ್ನು ಬಾಡಿಗೆಗೆ ಕೇಳಿದರು. ಖಾಲಿ ಇತ್ತು. ‘ನೆಂಟರು ಬರುವವರಿದ್ದಾರೆ’ ಎಂದೆ. ಯಾವ ನೆಂಟರೂ ಬರುವವರಿರಲಿಲ್ಲ. ಅವನು ತಲೆಯಾಡಿಸಿ ನಕ್ಕ. ಆ ಹುಡುಗರು ಆ ಮಳೆಗಾಲವನ್ನು ಬೋಟಿನಲ್ಲೇ ಮಲಗಿ ಕಳೆದರು. ಗುಡ್ಡ ದಾಟಿದ ಅಜ್ಜಿಯ ಮೊಮ್ಮಗು ನಾನು, ನನ್ನ ಬಾಯಿಂದ ಆ ಮಾತು ಹೊರಟಿತು.

ಬಾಗಿಲು ಮುಚ್ಚಿಸಿಕೊಂಡ ಅನುಭವ ನಮಗೂ ಇದೆ. ಬಿಜಾಪುರ, ಗದಗ, ಕೊಪ್ಪಳದ ಕೂಲಿಗಳು ಗೋವಾದಲ್ಲಿ ‘ಘಾಟಿ’ಗಳು. ವಾಸ್ಕೊದ ಬೈನಾ ಕಡಲತೀರದಲ್ಲಿ 2017ರಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ನಮ್ಮ ಪತ್ರಿಕೆಗಳು ವಾರಗಟ್ಟಲೆ ಬರೆದವು. ಅವರ ಹತ್ತಿರ ಭಾರತದ ಕಾಗದ ಇದ್ದವು. ಆದರೂ ಅವರು ಅಲ್ಲಿ ಹೊರಗಿನವರು.

ಬಿಣಗಾ ದಾಟಿದೆವು. ಎಡಕ್ಕೆ ಗುಡ್ಡ, ಬಲಕ್ಕೆ ಅರಗಾದ ಗೋಡೆ. ಇದು ನೌಕಾನೆಲೆಯ ಗೋಡೆ, ಕ್ಯಾಮೆರಾ ಕೆಳಗಿಳಿಸುತ್ತಿದ್ದೇನೆ. ಸೀಬರ್ಡ್ ಯೋಜನೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯಿತು. ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಎಲ್ಲ ಗೋಡೆಯೂ ಕೆಟ್ಟದು ಎಂದು ನಾನು ಹೇಳುವುದಿಲ್ಲ. ಯುದ್ಧನೌಕೆ ನಿಲ್ಲುವ ಜಾಗಕ್ಕೆ ಗೋಡೆ ಬೇಕು. ಆದರೆ ಈ ಗೋಡೆಗೂ ಬಾಗಿಲಿದೆ. ಬಾಗಿಲಲ್ಲಿ ನಿಂತವನು ಪಾಸು ನೋಡುತ್ತಾನೆ, ಮಾತಿನ ಧಾಟಿಯನ್ನಲ್ಲ.

ಗೋಡೆಯ ಹಿಂದೆ ಸಮುದ್ರದಲ್ಲಿರುವುದು ಅಂಜುದೀವ್. ನಮ್ಮ ದಂಡೆಗೆ ತಾಗಿಕೊಂಡಂತಿದ್ದರೂ ಅದು ಗೋವಾದ ನೆಲ. 1961ರ ಡಿಸೆಂಬರ್ 18ರಂದು ಅದನ್ನು ಪೋರ್ಚುಗೀಸರಿಂದ ಬಿಡಿಸುವಾಗ ನಮ್ಮ ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಅಂಕೋಲೆಯ ಆರ್ಯಾದುರ್ಗೆ ಮೂಲದಲ್ಲಿ ಆ ದ್ವೀಪದ ದೇವಿ, ಪೋರ್ಚುಗೀಸರ ಕಾಲದಲ್ಲಿ ಈ ದಡಕ್ಕೆ ಬಂದವಳು ಎನ್ನುತ್ತಾರೆ. ನವರಾತ್ರಿಯಲ್ಲಿ ಉಡಿ ತುಂಬುವಾಗ ಅವಳ ಮೂಲ ಊರು ಯಾವುದು ಎಂದು ಯಾರೂ ಕೇಳುವುದಿಲ್ಲ.

ಅರಬೈಲು ಘಟ್ಟ ಹತ್ತಿದ್ದೇನೆ. ಈ ಕಾಡಿನ, ಆಫ್ರಿಕಾ ಮೂಲದ ಸಿದ್ದಿಗಳ ಹಿರಿಯರಲ್ಲಿ ಹಲವರು ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿ ಬಂದವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು.

ಮುಂಡಗೋಡದ ಟಿಬೆಟನ್ ಕ್ಯಾಂಪ್ ತಲುಪುವ ಹೊತ್ತಿಗೆ ಸಂಜೆ. 1966ರಲ್ಲಿ ಆಗಿನ ಮೈಸೂರು ಸರ್ಕಾರ ಇಲ್ಲಿ ಕಾಡಿನ ನೆಲ ಕೊಟ್ಟಿತು. ಡ್ರೆಪುಂಗ್, ಗಾಂದೆನ್ ಮಠಗಳು ಇಲ್ಲೇ ಮತ್ತೆ ಎದ್ದವು. ಮೆಕ್ಕೆಜೋಳದ ಹೊಲದ ಆಚೆ ಚಿನ್ನದ ಬಣ್ಣದ ಮಾಳಿಗೆ, ನೋಡಿ. ಇಲ್ಲಿಯ ಹೆಚ್ಚಿನವರು ಕಾನೂನಿನಲ್ಲಿ ವಿದೇಶೀಯರು. ನೋಂದಣಿ ಪತ್ರ ಇಟ್ಟುಕೊಳ್ಳಬೇಕು, ನವೀಕರಿಸಬೇಕು. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಭಾರತೀಯರೇ ಎಂದು ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿತು. ಎಲ್ಲವೂ ಸರಿಯಾಗಿದೆ ಎಂದಲ್ಲ. ಆದರೂ ಇಲ್ಲಿ ಪ್ರತಿ ಮನುಷ್ಯನಿಗೂ ಒಂದು ಹೆಸರು, ಒಂದು ಕಾಗದ, ಹೋಗಿ ಕೇಳಲು ಒಂದು ಕಚೇರಿ ಇದೆ. ದಲೈಲಾಮಾ 1959ರಲ್ಲಿ ಹಿಮಾಲಯ ದಾಟಿ ಬಂದ ಮೇಲೆ ಭಾರತ ಮಾಡಿದ್ದು ಇದನ್ನೇ. 1962ರಲ್ಲಿ ಒಂದು ಆದೇಶದಿಂದ ಗೋವಾದವರನ್ನು ಭಾರತದ ಪ್ರಜೆಗಳನ್ನಾಗಿ ಮಾಡಿದಾಗಲೂ ಇದನ್ನೇ. ಮಾಡಲು ಬರುತ್ತದೆ ನಮಗೆ.

ಕೊನೆಯ ದೃಶ್ಯ ಮರುದಿನ ಬೆಳಿಗ್ಗೆಯದು, ನಮ್ಮ ಮನೆಯ ಜಗುಲಿ. ಹುಡುಗ ಬಂದಿದ್ದಾನೆ, ಕೈಗಳು ಮಾತ್ರ ಕಾಣುತ್ತವೆ. ಪೊಲೀಸ್ ಠಾಣೆಗೆ ಕೊಡುವ ಬಾಡಿಗೆದಾರರ ಅರ್ಜಿಯನ್ನು ನಾವಿಬ್ಬರೂ ತುಂಬುತ್ತಿದ್ದೇವೆ. ಈ ಅರ್ಜಿ ಬೇಕು, ನಾನು ಅದನ್ನು ಮನಸ್ಸಿನಿಂದಲೇ ತುಂಬುತ್ತಿದ್ದೇನೆ. ಹೆಸರು ಆಯಿತು, ತಂದೆಯ ಹೆಸರು ಆಯಿತು. ಖಾಯಂ ವಿಳಾಸ ಎಂಬಲ್ಲಿ ಅವನ ಪೆನ್ನು ನಿಂತಿತು. ನದಿ ತೆಗೆದುಕೊಂಡು ಹೋದ ಊರನ್ನು ಬರೆಯಲೋ, ಈಗ ಅಮ್ಮ ಇರುವ ಜಾಗವನ್ನು ಬರೆಯಲೋ ಎಂದು ಕೇಳಿದ. ಆಧಾರ್‌ನಲ್ಲಿ ಯಾವುದಿದೆ ಎಂದೆ. ಹೋದ ಊರು, ಎಂದ.

ಎರಡನ್ನೂ ಬರೆಯಲು ಹೇಳಿದೆ. ಗೆರೆ ಸಾಲದೆ ಅಕ್ಷರಗಳು ಹಾಳೆಯ ಅಂಚಿಗೆ ಹೋದವು. ಖೋಲಿಯ ಬೀಗದ ಕೈ ಅಲ್ಲೇ ಮೇಜಿನ ಮೇಲಿತ್ತು.