ನಿಮ್ಮ ಬೈಕಿಗೆ ಯಾವ ಪುಸ್ತಕ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಒಳಭಾಗದಲ್ಲಿ ಬಸ್ಸು ತಪ್ಪಿದರೆ ಬೈಕೇ ಗತಿ. ಸೊಸೈಟಿಗೆ ಹಾಲು ಕೊಡಲು, ಬದಿಯಡ್ಕ ಪೇಟೆಗೆ ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಎಲ್ಲಕ್ಕೂ ಅದೇ. ಜೂನ್ ಬಂತೆಂದರೆ ಮುರಕಲ್ಲಿನ ಕೆಂಪು ಕೆಸರು ಚೈನಿಗೆ ಮೆತ್ತಿಕೊಳ್ಳುತ್ತದೆ. ಪೆರ್ಲ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳಲ್ಲಿ ಸಣ್ಣಪುಟ್ಟ ಕೆಲಸವನ್ನು ಅಂಗಳದಲ್ಲೇ ಮಾಡಿಕೊಳ್ಳುತ್ತಾರೆ. ಅಂಥವರು ಆಗಾಗ ಕೇಳುವುದುಂಟು: ‘ರಿಪೇರಿಗೆ ಒಂದು ಪುಸ್ತಕ ಬೇಕು, ಯಾವುದು ತಗೊಳ್ಳಲಿ?’ ಇವತ್ತು ಅದನ್ನೇ ಮಾತಾಡೋಣ.

ಗಾಡಿಯ ಜೊತೆ ಬಂದ ಚಿಕ್ಕ ಪುಸ್ತಕ ನಿಮ್ಮಲ್ಲಿದೆಯಾ? ಮೊದಲು ಅದನ್ನು ಹುಡುಕಿ. ಯಾವ ಗ್ರೇಡಿನ ಆಯಿಲ್, ಟಯರಿಗೆ ಎಷ್ಟು ಗಾಳಿ, ಎಷ್ಟು ಕಿಲೋಮೀಟರಿಗೆ ಏನು ನೋಡಬೇಕು, ಎಲ್ಲ ಅದರಲ್ಲಿರುತ್ತದೆ. ಆಯಿಲ್ ವಿಷಯದಲ್ಲಿ ಅದು ಹೇಳಿದ್ದನ್ನು ಮೀರಬೇಡಿ. ನಮ್ಮ ಹೆಚ್ಚಿನ ಬೈಕುಗಳ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಅದಕ್ಕೇ ಡಬ್ಬದ ಮೇಲೆ ‘ಜಾಸೋ ಎಂಎ’ ಅಂತ ಇರಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಾಧ್ಯತೆ ಇದೆ. ಆದರೆ ಬಿಚ್ಚಿ ಜೋಡಿಸುವ ಕೆಲಸಕ್ಕೆ ಈ ಪುಸ್ತಕ ಸಾಲುವುದಿಲ್ಲ.

ಅದಕ್ಕೆ ಬೇಕಾದದ್ದು ಸರ್ವಿಸ್ ಮ್ಯಾನುಯಲ್. ಕಂಪನಿಯವರು ತಮ್ಮ ಮೆಕ್ಯಾನಿಕ್‌ಗಳಿಗೆಂದೇ ಮಾಡಿದ್ದು. ಯಾವ ಬೋಲ್ಟ್ ಎಷ್ಟು ಬಿಗಿ, ಯಾವ ಭಾಗ ಎಷ್ಟು ಸವೆದರೆ ಬದಲಿಸಬೇಕು, ವೈರಿಂಗ್ ಹೇಗೆ, ಎಲ್ಲವೂ ಇರುತ್ತದೆ. ಓದುವವನಿಗೆ ಕೆಲಸ ಗೊತ್ತು ಅಂತ ಅಂದುಕೊಂಡೇ ಬರೆದಿರುತ್ತಾರೆ. ಹಾಗಾಗಿ ಹೊಸಬರಿಗೆ ಕೆಲವು ಕಡೆ ಒಗಟಿನ ಹಾಗೆ ಕಾಣುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗಾಗಿ ಇಂಗ್ಲೆಂಡಿನ ಹೇನ್ಸ್, ಅಮೆರಿಕದ ಕ್ಲೈಮರ್ ಪುಸ್ತಕಗಳಿವೆ. ಹಂತಹಂತವಾಗಿ ಫೋಟೋ ಸಮೇತ ವಿವರಿಸುತ್ತವೆ. ಆದರೆ ಅವು ಹೆಚ್ಚಾಗಿ ಆ ಕಡೆ ಓಡುವ ಗಾಡಿಗಳಿಗೆ. ನಮ್ಮ 100 ಸಿಸಿ ಬೈಕಿಗೆ ಹುಡುಕುತ್ತಾ ಕೂರಬೇಡಿ, ಕಂಪನಿಯ ಮ್ಯಾನುಯಲ್ಲೇ ಸರಿ. ಜೊತೆಗೆ ಪಾರ್ಟ್ಸ್ ಕ್ಯಾಟಲಾಗ್ ಸಿಕ್ಕರೆ ಬಿಡಬೇಡಿ. ಅದರಲ್ಲಿ ಪ್ರತಿಯೊಂದು ಭಾಗವನ್ನೂ ಬಿಡಿಸಿ ಚಿತ್ರ ಹಾಕಿರುತ್ತಾರೆ. ಹಿಂದಿನ ಚಕ್ರ ಬಿಚ್ಚಿದಾಗ ಕೈಗೆ ಬಂದ ಬುಷ್, ವಾಷರ್ ಯಾವುದರ ಮುಂದೆ ಯಾವುದು ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪುಸ್ತಕದ ಮೇಲಿನ ಹೆಸರು ನೋಡಿ ಯಾವತ್ತೂ ಕೊಳ್ಳಬೇಡಿ. ಬುಲೆಟ್ 350 ತಗೊಳ್ಳಿ. ಹಳೆಯ ಬುಲೆಟ್‌ನಲ್ಲಿ ಕ್ಯಾಸ್ಟ್ ಐರನ್ ಎಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ. 2009–10ರ ಹೊತ್ತಿಗೆ ಎರಡೂ ಒಂದೇ ಕೇಸಿನೊಳಗೆ ಬಂದವು. 2023ರಲ್ಲಿ ಮತ್ತೆ ಎಂಜಿನ್ನೇ ಬದಲಾಯಿತು, 346 ಸಿಸಿ ಇದ್ದದ್ದು 349 ಆಯಿತು. ಟ್ಯಾಂಕಿನ ಮೇಲಿನ ಹೆಸರು ಮಾತ್ರ ಅದೇ. ಒಂದರ ಪುಸ್ತಕ ಹಿಡಿದು ಇನ್ನೊಂದರ ಎಂಜಿನ್ ಬಿಚ್ಚಲು ಆಗುವುದೇ ಇಲ್ಲ. ಬೇರೆ ಗಾಡಿಗಳಲ್ಲೂ ಹೀಗೆಯೇ. 2020ರ ಏಪ್ರಿಲ್‌ನಲ್ಲಿ ಹೊಗೆ ಕಡಿಮೆ ಮಾಡುವ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು. ಅಂಥ ಬೈಕಿಗೆ ಹಳೆ ಪುಸ್ತಕದ ಪೆಟ್ರೋಲ್ ಅಧ್ಯಾಯ ಏನೂ ಉಪಯೋಗಕ್ಕೆ ಬರುವುದಿಲ್ಲ. ಆರ್‌ಸಿ ತೆಗೆದು ತಯಾರಾದ ತಿಂಗಳು, ವರ್ಷ, ಚಾಸಿ ನಂಬರ್ ನೋಡಿ. ಶೋರೂಮಿನ ಪಾರ್ಟ್ಸ್ ಕೌಂಟರಿನಲ್ಲಿ ಅದನ್ನೇ ತೋರಿಸಿ ಕೇಳಿ.

ಕೈಗೆ ಸಿಕ್ಕ ಪುಸ್ತಕ ಒಳ್ಳೆಯದೋ ಅಲ್ಲವೋ ತಿಳಿಯಲು ನಾನು ಮೊದಲು ತೆರೆಯುವುದು ಚೈನಿನ ಪುಟ. ಚೈನು ಎಷ್ಟು ಸಡಿಲ ಇರಬೇಕು ಅಂತ ಮಿಲಿಮೀಟರಿನಲ್ಲಿ ಕೊಟ್ಟಿದೆಯಾ? ಎಲ್ಲಿ ಅಳೆಯಬೇಕು ಅಂತ ಹೇಳಿದೆಯಾ? ಸವೆದ ಚೈನು ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಅತಿ ಬಿಗಿ ಇರುವ ಜಾಗ ಹುಡುಕಿ ಅಲ್ಲೇ ಅಳೆಯಬೇಕು. ಎರಡೂ ಬದಿಯ ಅಡ್ಜಸ್ಟರ್ ಗುರುತು ಒಂದೇ ಗೆರೆಗೆ ಬರಬೇಕು. ಇನ್ನೂ ಒಂದಿದೆ. ಹಿಂದೆ ಡ್ರಮ್ ಬ್ರೇಕ್ ಇದ್ದರೆ, ಚಕ್ರ ಹಿಂದೆ ಸರಿದಾಗ ಬ್ರೇಕಿನ ರಾಡ್ ಹಿಡಿತವೂ ಬದಲಾಗುತ್ತದೆ. ಪೆಡಲ್ ಸಡಿಲ ನೋಡಿ ಮತ್ತೆ ಸರಿಮಾಡಬೇಕು. ಈ ಕೊನೆಯ ಮಾತನ್ನು ಬರೆದ ಪುಸ್ತಕವನ್ನು ನಾನು ನಂಬುತ್ತೇನೆ. ಕೆಲಸವನ್ನು ನಿಜವಾಗಿ ಮಾಡಿ ನೋಡಿದವರು ಬರೆದದ್ದು ಅದು.

ಆಮೇಲೆ ಟಾರ್ಕ್ ಪಟ್ಟಿ, ಅಂದರೆ ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು ಅನ್ನುವ ಪಟ್ಟಿ. ಆಯಿಲ್ ಡ್ರೈನ್ ಬೋಲ್ಟ್ ಅಲ್ಯೂಮಿನಿಯಂ ಕೇಸಿಗೆ ಕೂರುತ್ತದೆ. ಕೈಬಲ ಹಾಕಿ ಎಳೆದರೆ ಥ್ರೆಡ್ ಕಿತ್ತು ಬರುತ್ತದೆ, ಸಣ್ಣ ಬೋಲ್ಟಿನ ತಪ್ಪಿಗೆ ದೊಡ್ಡ ಖರ್ಚು. ಸಂಖ್ಯೆಯ ಜೊತೆಗಿರುವ ಅಳತೆಯನ್ನೂ ಓದಿ. 24 ನ್ಯೂಟನ್ ಮೀಟರ್ ಬೇರೆ, 24 ಫುಟ್ ಪೌಂಡ್ ಬೇರೆ. ಎರಡನೆಯದು ಸುಮಾರು 32.5 ನ್ಯೂಟನ್ ಮೀಟರ್ ಆಗುತ್ತದೆ. ಅಮೆರಿಕದ ಪುಸ್ತಕ ನೋಡುವಾಗ ಇದು ನೆನಪಿರಲಿ.

ಮೊಬೈಲಿನಲ್ಲಿ ಹರಿದಾಡುವ ಸ್ಕ್ಯಾನ್ ಪ್ರತಿಗಳಿಗೂ, ಜೆರಾಕ್ಸ್ ಪುಸ್ತಕಕ್ಕೂ ಇನ್ನೊಂದು ಪರೀಕ್ಷೆ ಇದೆ. ವೈರಿಂಗ್ ಚಿತ್ರ ತೆರೆಯಿರಿ. ಬಣ್ಣ ಇಲ್ಲದಿದ್ದರೂ ಪ್ರತಿ ಗೆರೆಯ ಪಕ್ಕ ಬಣ್ಣದ ಅಕ್ಷರ ಇರುತ್ತದೆ. ಅದು ಓದಲು ಬರಬೇಕು. ಹೋಂಡಾದಲ್ಲಿ ಹಸಿರು ವೈರ್ ಅರ್ತ್, ಬೇರೆ ಕಂಪನಿಯಲ್ಲಿ ಬೇರೆ ಬಣ್ಣ ಇರಬಹುದು. ಮಳೆಗಾಲದಲ್ಲಿ ಹಾರ್ನ್ ಸುಮ್ನೆ ನಿಂತುಹೋದಾಗ ಆ ಅಕ್ಷರಗಳೇ ದಾರಿ ತೋರಿಸುತ್ತವೆ. ಅಕ್ಷರ ಕರಗಿಹೋಗಿದ್ದರೆ ಆ ಪ್ರತಿಗೆ ದುಡ್ಡು ಕೊಡಬೇಡಿ.

ಪುಸ್ತಕ ಇಂಗ್ಲಿಷಿನಲ್ಲಿದೆ ಅಂತ ಹಿಂಜರಿಯಬೇಕಿಲ್ಲ. ಸ್ಪ್ರಾಕೆಟ್, ಟ್ಯಾಪೆಟ್, ಕೇಬಲ್ ಎಲ್ಲ ನಿಮಗೆ ಗೊತ್ತಿರುವ ಹೆಸರುಗಳೇ, ಅಲ್ವಾ? ಉಳಿದದ್ದನ್ನು ಚಿತ್ರ ಹೇಳುತ್ತದೆ.

ಡಿಸ್ಕ್ ಬ್ರೇಕ್ ಇರುವವರಿಗೆ ಒಂದು ಮಾತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಮ್ಯಾನುಯಲ್‌ಗಳು ಹೇಳುತ್ತವೆ. ಡಾಟ್ 3 ಬೇಕೋ ಡಾಟ್ 4 ಬೇಕೋ ಅಂತ ಮುಚ್ಚಳದ ಮೇಲೂ ಬರೆದಿರುತ್ತದೆ, ಪುಸ್ತಕದ ಜೊತೆ ತಾಳೆ ನೋಡಿ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ ಹೊಸದಾದರೆ ಮೊದಲ ಸಲ ಗೊತ್ತಿರುವ ಮೆಕ್ಯಾನಿಕ್ ಪಕ್ಕದಲ್ಲಿರಲಿ. ಪುಸ್ತಕವನ್ನು ತೆರೆದಿಟ್ಟುಕೊಂಡು ಅವರ ಕೈ ನೋಡುತ್ತಾ ಕಲಿಯಿರಿ, ಎರಡನೆಯ ಸಲ ನೀವೇ ಮಾಡಬಹುದು.

ನಮಸ್ಕಾರ.